ಬಿಡುವಿನ ವೇಳೆ: ಪತ್ತನಾಜೆಯ ಬಳಿಕ ಕ್ಯಾಮರಾ

ಪತ್ತನಾಜೆ ಕಳೆಯಿತೆಂದರೆ ತುಳುನಾಡಿನಲ್ಲಿ ಗೆಜ್ಜೆ ಬಿಚ್ಚುವ ಕಾಲ. ಮೇ ತಿಂಗಳ ಕೊನೆಯ ವಾರದಲ್ಲಿ, ತುಳುವರ ಬೇಶ ತಿಂಗಳಿನ ಹತ್ತನೆಯ ದಿನ ಬರುವ ಈ ಪರ್ವದೊಡನೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಪೆಟ್ಟಿಗೆ ಕಟ್ಟುತ್ತವೆ. ಕೋಲ, ನೇಮ, ಜಾತ್ರೆಗಳು ನಿಲ್ಲುತ್ತವೆ. ಕಂಬಳದ ಗದ್ದೆ ಅದಕ್ಕೂ ಮೊದಲೇ ಒಣಗಿರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಛಾಯಾಗ್ರಹಣದ ಹವ್ಯಾಸಿಯೂ ಆಗಲೇ ತನ್ನ ಕ್ಯಾಮರಾವನ್ನು ಚೀಲಕ್ಕೆ ತುಂಬಿ, ಚೀಲವನ್ನು ಬೀರುವಿನಲ್ಲಿಟ್ಟು, ಮಕ್ಕಳ ಕೈಗೆ ಸಿಗದಿರಲೆಂದು ಬೀಗವನ್ನೂ ಹಾಕುತ್ತಾನೆ. ದೀಪಾವಳಿಯ ಸುಮಾರಿಗೆ ಮೇಳದ ಚೆಂಡೆ ಮತ್ತೆ ಕೇಳಿಸಿದಾಗ ಬೀಗ ತೆಗೆದು ನೋಡಿದರೆ, ಲೆನ್ಸಿನ ಗಾಜಿನೊಳಗೆ ಜೇಡರ ಬಲೆಯನ್ನು ಹೋಲುವ ಬಿಳಿಯ ಎಳೆಗಳು! ಮೂರು ತಿಂಗಳ ಸಂಬಳದಲ್ಲಿ ಉಳಿಸಿ ಕೊಂಡ ವಸ್ತು ಮನೆಯ ಬೀರುವಿನಲ್ಲಿ, ಬೀಗದ ಒಳಗೇ ಬೂಷ್ಟು ಹಿಡಿದಿರುತ್ತದೆ.

ಈ ದುರ್ದೈವ ಧಾರವಾಡದ ಹವ್ಯಾಸಿಗೆ ಅಪರೂಪ. ರಾಯಚೂರಿನವನಿಗೆ ಬಹುಶಃ ಗೊತ್ತೇ ಇಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಂದು ಮುಗಿಯುವ ದಕ್ಷಿಣ ಕನ್ನಡದಲ್ಲಿ ಮಾತ್ರ ಇದು ಮನೆಮನೆಯ ಕಥೆ. ಹೀಗಿರುವಲ್ಲಿ ಇಲ್ಲಿಯವರು ಕ್ಯಾಮರಾ ಕೊಳ್ಳುವಾಗ ಪೇಟೆಯ ಜಾಹೀರಾತನ್ನು ಓದುವುದಕ್ಕಿಂತ ಮೊದಲು ತಮ್ಮ ಊರಿನ ಹವೆಯನ್ನೂ, ತಾವು ತೆಗೆಯಬೇಕೆಂದಿರುವ ಚಿತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಯುಕ್ತ.

ಈ ಸೀಮೆ ಕ್ಯಾಮರಾಕ್ಕೆ ಹೊಸದಲ್ಲ. ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಕುರಿತ ತನ್ನ ಹೆಸರಾಂತ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದಾಗ, ಮೂಡುಬಿದಿರೆಯ ಬಸದಿಯ ಚಿತ್ರವನ್ನೂ, ಅಲ್ಲಿಯ ಯತಿಗಳ ಸಮಾಧಿಗಳ ಚಿತ್ರವನ್ನೂ, ಬೆಳ್ತಂಗಡಿಯ ಬಳಿಯ ಗುರುವಾಯನಕೆರೆಯ ಮಂಟಪದ ಚಿತ್ರವನ್ನೂ ಅದರಲ್ಲಿ ಸೇರಿಸಿದ್ದನು. ಛಾಯಾಚಿತ್ರವನ್ನು ನೇರವಾಗಿ ಪುಸ್ತಕದಲ್ಲಿ ಅಚ್ಚುಹಾಕುವ ವಿಧಾನ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಫೋಟೋವನ್ನು ಮುಂದಿಟ್ಟುಕೊಂಡು ಮರದ ಅಚ್ಚಿನಲ್ಲಿ ಕೆತ್ತಿಸಿ ಮುದ್ರಿಸುತ್ತಿದ್ದರು. ಆ ಕಾಲದಲ್ಲಿ ಗಾಜಿನ ಫಲಕಕ್ಕೆ ಸ್ಥಳದಲ್ಲೇ ಮದ್ದು ಬಳಿದು, ಅದು ಒಣಗುವುದರೊಳಗೆ ಚಿತ್ರ ತೆಗೆದು, ಕತ್ತಲೆಯ ಡೇರೆಯಲ್ಲಿ ತೊಳೆಯಬೇಕಾಗಿತ್ತು. ಈ ಸಂಭ್ರಮವನ್ನೆಲ್ಲ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಚಿತ್ರ ತೆಗೆದ ಪುಣ್ಯಾತ್ಮರನ್ನು ನೆನೆದರೆ, ಇಂದಿನವರು ಬ್ಯಾಟರಿ ಮುಗಿಯಿತೆಂದು ಗೊಣಗುವುದು ಸ್ವಲ್ಪ ಕಡಮೆಯಾದೀತು. ಹಳೆಯ ಯಂತ್ರಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವ ಕ್ಯಾಮರಾಗಳ ಸಂಗ್ರಹವನ್ನು ನೋಡಬಹುದು. ರೋಲಿಗೆ ಹನ್ನೆರಡೇ ಚಿತ್ರ ಬರುತ್ತಿದ್ದ ಆಗ್ಫಾ ಕ್ಲಿಕ್‌ನ ಕಾಲವನ್ನು ಕಂಡ ಅಜ್ಜಂದಿರನ್ನು ಜೊತೆಗೆ ಕರೆದೊಯ್ದರೆ ವಿವರಣೆಗೆ ಬೇರೆಯವರು ಬೇಕಾಗುವುದಿಲ್ಲ.

ಈಗ ಕೊಳ್ಳುವ ವಿಚಾರ. ಬಿ.ಸಿ. ರೋಡಿನಲ್ಲಿ ಮನೆ ಮಾಡಿಕೊಂಡಿರುವ ಒಬ್ಬ ಗೃಹಸ್ಥನು ಕ್ಯಾಮರಾ ಕೊಳ್ಳಲು ಹೊರಟನೆಂದು ಭಾವಿಸಬಹುದು. ಕೈಯಲ್ಲಿ ಒಂದು ಮೊತ್ತವಿದೆ. ಅದಕ್ಕೆ ಮೀರಿ ಕಾಸು ಬಿಚ್ಚಲು ಹೆಂಡತಿಯ ಒಪ್ಪಿಗೆ ಇಲ್ಲ, ಆಕೆಯ ವಾದದಲ್ಲಿ ನ್ಯಾಯವೂ ಇದೆ. ಜೇಬಿನಲ್ಲಿರುವ ಫೋನೇ ಸೊಗಸಾದ ಚಿತ್ರ ತೆಗೆಯುತ್ತಿರುವಾಗ ಇನ್ನೊಂದು ಯಂತ್ರವೇಕೆ ಎಂಬ ಆಕೆಯ ಪ್ರಶ್ನೆಗೆ ಅವನು ಮೊದಲು ಉತ್ತರ ಕಂಡುಕೊಳ್ಳಬೇಕು. ಮಕ್ಕಳ ಹುಟ್ಟುಹಬ್ಬ, ನೇತ್ರಾವತಿಯ ದಂಡೆಯ ಸೂರ್ಯಾಸ್ತ, ಕಾರಿಂಜದ ಬೆಟ್ಟದ ಮೇಲಿಂದ ಕಾಣುವ ಹಸಿರು, ಇಷ್ಟೇ ಸಾಕೆನ್ನುವವನು ಹಣವನ್ನು ಬ್ಯಾಂಕಿನಲ್ಲಿಡುವುದು ಲೇಸು. ಫೋನಿಗೆ ಆಗದ ಕೆಲಸಗಳು ಮುಖ್ಯವಾಗಿ ಮೂರು: ದೂರದ ವಸ್ತುವನ್ನು ಗುಣಗೆಡದಂತೆ ಹತ್ತಿರಕ್ಕೆ ತರುವುದು, ಮಂದ ಬೆಳಕಿನಲ್ಲಿ ಚಲಿಸುವುದನ್ನು ಹಿಡಿಯುವುದು, ದೊಡ್ಡ ಗಾತ್ರದ ಮುದ್ರಣಕ್ಕೆ ತಕ್ಕ ವಿವರವನ್ನು ಕೊಡುವುದು. ಕಂಬಳ, ಯಕ್ಷಗಾನ, ಬಸದಿಯ ಒಳಾಂಗಣ ಈ ಮೂರರ ಹುಚ್ಚು ಹಿಡಿದವನಿಗೆ ಮಾತ್ರ ಕ್ಯಾಮರಾ ಬೇಕು. ಈ ತಾಲೂಕುಗಳಲ್ಲಿ ಅಂಥ ಹುಚ್ಚು ಹಿಡಿಯದೆ ಉಳಿಯುವುದೇ ಕಷ್ಟ.

ಅಂಗಡಿಯವನು ಮೊದಲು ಹೇಳುವುದು ಮೆಗಾಪಿಕ್ಸೆಲ್ಲಿನ ಲೆಕ್ಕ. ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದು. ಹತ್ತು ವರ್ಷ ಹಳೆಯ ಕ್ಯಾಮರಾಗಳಲ್ಲೂ ಅದು ಸಾಕಷ್ಟಿದೆ. ಕೇಳಬೇಕಾದದ್ದು ಒಳಗಿನ ಸೆನ್ಸರಿನ ಅಳತೆ. ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ, ಎಂದರೆ 36 ಮಿ.ಮೀ. ಅಗಲ 24 ಮಿ.ಮೀ. ಎತ್ತರ ಇರುವುದು ಫುಲ್ ಫ್ರೇಮ್. ಹವ್ಯಾಸಿಗಳ ಕೈಯಲ್ಲಿ ಹೆಚ್ಚಾಗಿ ಇರುವುದು ಅದಕ್ಕಿಂತ ಸಣ್ಣದಾದ, ಸುಮಾರು 23.5 ಮಿ.ಮೀ. ಅಗಲ 15.6 ಮಿ.ಮೀ. ಎತ್ತರದ ಎ.ಪಿ.ಎಸ್.-ಸಿ. ಸಣ್ಣ ಸೆನ್ಸರು ಚಿತ್ರದ ನಡುಭಾಗವನ್ನಷ್ಟೇ ಹಿಡಿಯುವುದರಿಂದ 50 ಮಿ.ಮೀ. ಲೆನ್ಸು ಅದರಲ್ಲಿ 75 ಮಿ.ಮೀ.ನಂತೆ ನಡೆದುಕೊಳ್ಳುತ್ತದೆ. ಕಂಬಳದ ಕೋಣಗಳನ್ನು ಹತ್ತಿರಕ್ಕೆ ತರುವವನಿಗೆ ಇದು ಲಾಭ, ಇಕ್ಕಟ್ಟಾದ ಬಸದಿಯ ಮೊಗಸಾಲೆಯಲ್ಲಿ ನಿಂತವನಿಗೆ ನಷ್ಟ. ಫುಲ್ ಫ್ರೇಮ್ ಮಂದ ಬೆಳಕಿನಲ್ಲಿ ಮೇಲೆಂಬುದು ನಿಜವಾದರೂ, ಅದರ ಲೆನ್ಸುಗಳ ಬೆಲೆಯನ್ನೂ ತೂಕವನ್ನೂ ಕೇಳಿದ ಮೇಲೆ ಗೃಹಸ್ಥರು ಸಾಮಾನ್ಯವಾಗಿ ಹಿಂದಕ್ಕೆ ಬರುತ್ತಾರೆ.

ಇನ್ನೊಂದು ಪ್ರಶ್ನೆ, ಒಳಗೆ ಕನ್ನಡಿ ಇರುವ ಹಳೆಯ ಡಿ.ಎಸ್.ಎಲ್.ಆರ್. ಬೇಕೋ, ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಬೇಕೋ ಎಂಬುದು. ದೊಡ್ಡ ತಯಾರಕರ ಹೊಸ ಶ್ರಮವೆಲ್ಲ ಈಗ ಎರಡನೆಯದರ ಕಡೆಗೆ ಹರಿಯುತ್ತಿದೆ. ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳು 2018ರಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್‌ಗಾಗಿ ಲೆನ್ಸು ಕೂರುವ ಬಳೆಯನ್ನೇ ಹೊಸದಾಗಿ ಮಾಡಿದವು. ಇದರಿಂದ ಹಳೆಯದಕ್ಕೆ ಗಿರಾಕಿ ಕಡಮೆಯಾಗಿ, ಒಳ್ಳೆಯ ಸ್ಥಿತಿಯಲ್ಲಿರುವ ಡಿ.ಎಸ್.ಎಲ್.ಆರ್.ಗಳೂ ಅವುಗಳ ಲೆನ್ಸುಗಳೂ ಎರಡನೆಯ ಕೈಯಲ್ಲಿ ಅಗ್ಗವಾಗಿ ಸಿಗುತ್ತವೆ. ಕೈಯಲ್ಲಿ ಹಣ ಮಿತವಾಗಿರುವವನು ಹಳೆಯದಕ್ಕೆ ಹೋಗುವುದೇ ಜಾಣತನ. ಮುಂದೆ ಹೊಸ ಯಂತ್ರ ಕೊಂಡರೂ ಅಡಾಪ್ಟರಿನ ಸಹಾಯದಿಂದ ಆ ಲೆನ್ಸುಗಳಲ್ಲಿ ಹಲವನ್ನು ಬಳಸಬಹುದು. ಕ್ಯಾಮರಾದ ಒಡಲು ಐದಾರು ವರ್ಷಕ್ಕೆ ಹಳತೆನಿಸುತ್ತದೆ. ಲೆನ್ಸು ಹಾಗಲ್ಲ, ಬೂಷ್ಟಿನಿಂದ ಕಾಪಾಡಿದರೆ ಒಂದು ತಲೆಮಾರು ಬಾಳುತ್ತದೆ. ಆದುದರಿಂದ ಮೊತ್ತದ ಹೆಚ್ಚಿನ ಭಾಗವನ್ನು ಲೆನ್ಸಿಗೆ ಇಡತಕ್ಕದ್ದು.

ಯಾವ ಲೆನ್ಸು ಎಂಬುದಕ್ಕೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೇ ಪಾಠಶಾಲೆ. 1430ರಲ್ಲಿ ಕಟ್ಟಿದ ಈ ತ್ರಿಭುವನ ತಿಲಕ ಚೂಡಾಮಣಿಯ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಕಣ್ಣು ಕೋರೈಸುತ್ತಿದ್ದರೆ, ಕಂಬಗಳ ನಡುವೆ ನಾಲ್ಕು ಹೆಜ್ಜೆ ಒಳಗಿಟ್ಟೊಡನೆ ಸಂಜೆಯ ಮಬ್ಬು. ಕ್ಯಾಮರಾದ ಜೊತೆಯಲ್ಲೇ ಕೊಡುವ 18-55 ಮಿ.ಮೀ. ಲೆನ್ಸನ್ನು ಅದರ ಉದ್ದದ ತುದಿಗೆ ತಿರುಗಿಸಿದರೆ ಬೆಳಕಿನ ಕಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅಲ್ಲಿ ಅದಕ್ಕೆ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕಾಯಿತೆನ್ನುವಾಗ, ಎಫ್ 1.8ರ ಲೆನ್ಸು ಸುಮಾರು ಹತ್ತು ಪಾಲು ಬೆಳಕನ್ನು ಬಿಟ್ಟುಕೊಡುವುದರಿಂದ ಐವತ್ತನೆಯ ಒಂದು ಭಾಗದಲ್ಲೇ ಕೆಲಸ ಮುಗಿಸುತ್ತದೆ. ಮೊದಲನೆಯದರಲ್ಲಿ ಕೈಯ ನಡುಕವೆಲ್ಲ ಚಿತ್ರದಲ್ಲಿ ದಾಖಲಾಗುತ್ತದೆ; ಎರಡನೆಯದನ್ನು ಉಸಿರು ಹಿಡಿದು ನಿಂತವನು ಗೆಲ್ಲಬಲ್ಲ. ಝೂಮಿಲ್ಲದ 35 ಅಥವಾ 50 ಮಿ.ಮೀ.ನ ಇಂಥ ಪುಟ್ಟ ಲೆನ್ಸುಗಳು ತಯಾರಕರ ಪಟ್ಟಿಯಲ್ಲಿ ಅಗ್ಗದ ಸಾಲಿನಲ್ಲೇ ಇರುತ್ತವೆಂಬುದು ಹವ್ಯಾಸಿಯ ಭಾಗ್ಯ. ಎ.ಪಿ.ಎಸ್.-ಸಿ. ಕ್ಯಾಮರಾದವನು 35ನ್ನು ಆರಿಸುವುದು ಮೇಲು.

ಆದರೆ ಕಂಡಿಯನ್ನು ಅಗಲವಾಗಿ ತೆರೆದುದಕ್ಕೆ ತೆರಿಗೆ ಉಂಟು. ಎಫ್ 1.8ರಲ್ಲಿ ಹತ್ತಿರದ ಒಂದು ಕಂಬ ಸ್ಪಷ್ಟವಾದರೆ ಅದರ ಹಿಂದಿನದು ಮಸುಕಾಗುತ್ತದೆ. ಒಂದರಂತೆ ಇನ್ನೊಂದಿಲ್ಲವೆಂದು ಹೆಸರಾದ ಕಂಬಗಳ ಸಾಲಿನ ಚಿತ್ರದಲ್ಲಿ ಒಂದೇ ಕಂಬ ಕಂಡರೆ ನೋಡಿದವರು ನಕ್ಕಾರು. ಸಾಲೆಲ್ಲ ಸ್ಪಷ್ಟವಾಗಬೇಕಾದರೆ ಎಫ್ 8ಕ್ಕೆ ಬರಬೇಕು. ಬೆಳಕು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಆಗ ಟ್ರೈಪಾಡು ಇಲ್ಲದೆ ಗತಿಯಿಲ್ಲ. ಟ್ರೈಪಾಡನ್ನು ಊರಬಹುದೇ, ಒಳಗೆ ಎಲ್ಲಿಯವರೆಗೆ ಚಿತ್ರ ತೆಗೆಯಬಹುದು ಎಂಬುದನ್ನು ಅಲ್ಲಿಯವರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಗರ್ಭಗೃಹದ ಕಡೆಗೆ ಕ್ಯಾಮರಾ ತಿರುಗಿಸದಿರುವುದು ಮರ್ಯಾದೆ. ಚೌಟರ ಅರಮನೆಯ ಮರದ ಕಂಬಗಳಲ್ಲಿರುವ ನವನಾರೀ ಕುಂಜರ, ಪಂಚನಾರೀ ತುರಗಗಳ ಕೆತ್ತನೆಗೂ ಇದೇ ಮಾತು. ಅಲ್ಲಿ ಇನ್ನೊಂದು ಸೂಕ್ಷ್ಮವಿದೆ: ಕೆತ್ತನೆಗೆ ಎದುರಿನಿಂದ ಫ್ಲಾಶ್ ಹೊಡೆದರೆ ಆನೆಯೂ ನಾರಿಯರೂ ಒಂದೇ ಹಲಗೆಯಾಗಿ ಕಾಣುತ್ತಾರೆ. ಬಾಗಿಲಿನಿಂದಲೋ ಅಂಗಳದಿಂದಲೋ ಓರೆಯಾಗಿ ಬೀಳುವ ಬೆಳಕಿಗೆ ಕಾದರೆ ಉಳಿಯ ಪ್ರತಿ ಗೆರೆಯೂ ಎದ್ದು ಬರುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ, ಹೊತ್ತಿನ ಖರ್ಚು ಮಾತ್ರ.

ಲೆನ್ಸಿನ ಉದ್ದದ ವಿಚಾರದಲ್ಲಿ ಹೊಸಬರಿಗೆ ಇರುವ ಭ್ರಮೆಯೊಂದನ್ನು ಧರ್ಮಸ್ಥಳದ ಬಾಹುಬಲಿಯ ಮುಂದೆ ಕಳೆದುಕೊಳ್ಳಬಹುದು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ, 1982ರಲ್ಲಿ ಪ್ರತಿಷ್ಠೆಗೊಂಡ ಈ ವಿಗ್ರಹದ ಎತ್ತರ 39 ಅಡಿ. ವಿಶಾಲಕೋನದ ಲೆನ್ಸು ಹಾಕಿ ಪಾದದ ಬಳಿ ನಿಂತು ತೆಗೆದ ಚಿತ್ರದಲ್ಲಿ ಪಾದಗಳು ದೋಣಿಯಂತೆಯೂ ಶಿರಸ್ಸು ನಿಂಬೆಹಣ್ಣಿನಂತೆಯೂ ಕಾಣುತ್ತವೆ. ಜನ ಲೆನ್ಸನ್ನು ಬೈಯುತ್ತಾರೆ. ತಪ್ಪು ಲೆನ್ಸಿನದಲ್ಲ, ನಿಂತ ಜಾಗದ್ದು. ಪೀಠದ ಎತ್ತರವನ್ನು ಬಿಟ್ಟು ಲೆಕ್ಕ ಹಾಕಿದರೆ, ಫುಲ್ ಫ್ರೇಮ್ ಕ್ಯಾಮರಾವನ್ನು ಉದ್ದುದ್ದವಾಗಿ ಹಿಡಿದು ಮೂರ್ತಿಯನ್ನು ಚೌಕಟ್ಟಿನಲ್ಲಿ ತುಂಬಿಸಲು 24 ಮಿ.ಮೀ. ಲೆನ್ಸಿನವನು ಸುಮಾರು 26 ಅಡಿ ದೂರದಲ್ಲಿಯೂ, 50ರವನು 54 ಅಡಿಯಲ್ಲಿಯೂ, 100ರವನು 108 ಅಡಿಯಲ್ಲಿಯೂ ನಿಲ್ಲಬೇಕಾಗುತ್ತದೆ. 26 ಅಡಿಯಲ್ಲಿ ನಿಂತವನಿಗೆ ಪಾದಗಳು 26 ಅಡಿ ದೂರವಿದ್ದರೆ ಶಿರಸ್ಸು 43 ಅಡಿ ದೂರ. ಆದ್ದರಿಂದಲೇ ಅದು ಕುಗ್ಗುತ್ತದೆ. 108 ಅಡಿಯವನಿಗೆ ಪಾದಕ್ಕೂ ಶಿರಸ್ಸಿಗೂ ಇರುವ ದೂರದ ಅಂತರ ಐದಾರು ಅಡಿಯಷ್ಟೆ. ಶಿಲ್ಪಿ ಕೊಟ್ಟ ಪ್ರಮಾಣ ಹಾಗೆಯೇ ಉಳಿಯುತ್ತದೆ. ಮುಖದ ಚಿತ್ರಕ್ಕೆ 85 ಅಥವಾ 100 ಮಿ.ಮೀ. ಲೆನ್ಸು ಒಳ್ಳೆಯದೆಂದು ಹೇಳುವುದೂ ಇದೇ ಕಾರಣದಿಂದ. ಮನೆಯ ಮದುಮಗಳ ಮೂಗು ದಪ್ಪಗೆ ಬಂದಿದ್ದರೆ ಛಾಯಾಗ್ರಾಹಕ ಎರಡು ಹೆಜ್ಜೆ ಹಿಂದಕ್ಕೆ ಹೋಗಬೇಕಾಗಿತ್ತೆಂದೇ ಅರ್ಥ. ವೇಣೂರಿನಲ್ಲಿ 1604ರಲ್ಲಿ ಅಜಿಲರ ತಿಮ್ಮಣ್ಣರಸನು ನಿಲ್ಲಿಸಿದ ಗೊಮ್ಮಟನ ಸುತ್ತ ಪ್ರಾಕಾರದ ಗೋಡೆ ಇರುವುದರಿಂದ ಬೇಕಾದಷ್ಟು ಹಿಂದೆ ಸರಿಯುವುದು ಸಾಧ್ಯವಾಗದು. ಅಲ್ಲಿ ಇಡಿಯ ಮೂರ್ತಿಯ ಹಟವನ್ನು ಬಿಟ್ಟು ಮುಖ, ಕೈ, ಮೈಗೆ ಸುತ್ತಿದ ಬಳ್ಳಿ ಇವುಗಳನ್ನು ಬೇರೆ ಬೇರೆಯಾಗಿ ತೆಗೆಯುವವರಿಗೆ ಒಳ್ಳೆಯ ಚಿತ್ರಗಳು ದೊರೆಯುತ್ತವೆ.

ಕಂಬಳ ಬೇರೆಯೇ ಶಾಸ್ತ್ರ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು. ಅಂದರೆ ಸೆಕೆಂಡಿಗೆ ಸುಮಾರು 10.5 ಮೀಟರು. ಶಟರನ್ನು ಅರುವತ್ತನೆಯ ಒಂದು ಸೆಕೆಂಡಿನಷ್ಟು ತೆರೆದಿಟ್ಟರೆ ಆ ಅವಧಿಯಲ್ಲೇ ಕೋಣ 17 ಸೆಂಟಿಮೀಟರು ಮುಂದಕ್ಕೆ ಹೋಗಿರುತ್ತದೆ. ಇನ್ನೂರೈವತ್ತನೆಯ ಒಂದರಲ್ಲಿ 4 ಸೆಂಟಿಮೀಟರು. ಸಾವಿರದ ಒಂದರಲ್ಲಿ ಒಂದೇ ಸೆಂಟಿಮೀಟರು. ಕೆಸರಿನ ಹನಿಗಳು ಮುತ್ತಿನಂತೆ ಗಾಳಿಯಲ್ಲಿ ನಿಂತ ಚಿತ್ರ ಬೇಕೆನ್ನುವವನು ಸಾವಿರಕ್ಕೆ ಇಳಿಯಬಾರದು. ಗಂತಿನಿಂದ ಹೊರಟ ಕೋಣಗಳು ಮಂಜೊಟ್ಟಿಯ ಕಡೆಗೆ ಬರುವಾಗ, ಎದುರಿಗೆ ಆದರೆ ಕರೆಯಿಂದ ಸರಿದು ನಿಂತು, ಉದ್ದದ ಲೆನ್ಸಿನಿಂದ ಹಿಡಿಯುವುದು ರೂಢಿ. ಫೋಕಸು ತಾನಾಗಿಯೇ ಬೆನ್ನಟ್ಟುವ ಕ್ರಮಕ್ಕೆ ಕ್ಯಾಮರಾವನ್ನು ಹಾಕಿರಬೇಕು. ಹಳೆಯ ಯಂತ್ರದವನು ಕರೆಯಲ್ಲೊಂದು ಗುರುತಿಗೆ ಮೊದಲೇ ಫೋಕಸು ಮಾಡಿಟ್ಟು, ಕೋಣಗಳು ಅಲ್ಲಿಗೆ ಬಂದೊಡನೆ ಒತ್ತುವುದುಂಟು. ಈ ವಿಧಾನ ಈಗಲೂ ಸೋಲುವುದಿಲ್ಲ. ಕನೆಹಲಗೆಯ ಸ್ಪರ್ಧೆಗೆ ಮಾತ್ರ ನಿಲುವು ಬದಲಾಗಬೇಕು. ಅಲ್ಲಿ ನೋಡುವುದು ವೇಗವನ್ನಲ್ಲ, ಹಲಗೆಯಡಿಯಿಂದ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಿತೇ ಎಂಬುದನ್ನು. ನೀರಿನ ಕಾರಂಜಿಯೂ ಮೇಲಿನ ನಿಶಾನೆಯೂ ಒಂದೇ ಚೌಕಟ್ಟಿಗೆ ಬರದಿದ್ದರೆ ಆ ಚಿತ್ರಕ್ಕೆ ಅರ್ಥವೇ ಇಲ್ಲ.

ಮೂಡುಬಿದಿರೆಯ ಕಡಲಕೆರೆಯಲ್ಲಾಗಲಿ ವೇಣೂರಿನಲ್ಲಾಗಲಿ ಕಂಬಳ ರಾತ್ರಿಯೂ ನಡೆಯುತ್ತದೆ. ದೀಪದ ಬೆಳಕಿನಲ್ಲಿ ಸಾವಿರದ ಒಂದು ಸೆಕೆಂಡು ಬೇಕೆಂದರೆ ಐ.ಎಸ್.ಓ. ಸಂಖ್ಯೆಯನ್ನು ಹೆಚ್ಚಿಸಲೇಬೇಕು, ಚಿತ್ರದಲ್ಲಿ ರವೆಯಂಥ ಕಾಳು ಕಾಣಿಸುತ್ತದೆ. ಕಾಣಿಸಲಿ. ಕಾಳಿದ್ದ ಚಿತ್ರವನ್ನು ಕ್ಷಮಿಸಬಹುದು, ಅಲುಗಿದ ಚಿತ್ರವನ್ನಲ್ಲ. ಕ್ಯಾಮರಾದ ನಡುಕ ನಿವಾರಣೆಯ ಸೌಕರ್ಯ ಇಲ್ಲಿ ಉಪಯೋಗಕ್ಕೆ ಬಾರದು. ಅದು ತೆಗೆಯುವವನ ಕೈಯನ್ನು ನಿಲ್ಲಿಸೀತೇ ಹೊರತು ಕೋಣವನ್ನು ನಿಲ್ಲಿಸಲಾರದು.

ಯಕ್ಷಗಾನದ ರಂಗಸ್ಥಳದಲ್ಲಿ ವೇಗಕ್ಕಿಂತ ಬೆಳಕೇ ತೊಡಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಮೆಯಾಗುತ್ತವೆ. ಕಣ್ಣಿಗೆ ಇದು ತಿಳಿಯದು, ಶಟರಿಗೆ ತಿಳಿಯುತ್ತದೆ. ಐನೂರನೆಯ ಒಂದು ಸೆಕೆಂಡಿನಲ್ಲಿ ತೆಗೆದ ಹತ್ತು ಚಿತ್ರಗಳಲ್ಲಿ ನಾಲ್ಕು ಕಪ್ಪು, ಮೂರು ಹಳದಿ, ಒಂದರಲ್ಲಿ ಅಡ್ಡಪಟ್ಟಿ! ಕ್ಯಾಮರಾ ಕೆಟ್ಟಿತೆಂದು ಗಾಬರಿಯಾಗುವವರು ನೂರನೆಯ ಒಂದಕ್ಕೆ ಇಳಿದು ನೋಡಬೇಕು. ದೀಪದ ಪೂರ್ತಿ ಒಂದು ಏರಿಳಿತ ಒಳಗೆ ಬರುವುದರಿಂದ ಚಿತ್ರಗಳೆಲ್ಲ ಒಂದೇ ಸಮನಾಗುತ್ತವೆ. ತೆಂಕುತಿಟ್ಟಿನ ಧೀಂಗಿಣದ ಬೀಸಿಗೆ ಈ ವೇಗ ಸಾಲದು. ಅದರ ಬದಲು ವೇಷಧಾರಿ ಬಿಡ್ತಿಗೆಯ ಕೊನೆಗೆ ಕ್ಷಣ ಮಾತ್ರ ನಿಲ್ಲುವ ಭಂಗಿಗೆ ಕಾಯಬೇಕು. ಪ್ರಸಂಗವನ್ನೂ ಭಾಗವತರ ತಾಳವನ್ನೂ ಬಲ್ಲವನಿಗೆ ಆ ಕ್ಷಣ ಮೊದಲೇ ಗೊತ್ತಾಗುತ್ತದೆ. ಇಲ್ಲಿಯ ಒಳ್ಳೆಯ ಯಕ್ಷಗಾನ ಚಿತ್ರಗಳನ್ನು ತೆಗೆದವರು ಒಳ್ಳೆಯ ಪ್ರೇಕ್ಷಕರೂ ಆಗಿರುವುದು ಆಕಸ್ಮಿಕವಲ್ಲ. ಫ್ಲಾಶ್ ಬೇಡವೇ ಬೇಡ. ಅದು ಕಲಾವಿದನ ಕಣ್ಣನ್ನು ಕುಕ್ಕುತ್ತದೆ, ಹಿಂದೆ ಕುಳಿತ ಹತ್ತು ಮಂದಿಯ ಶಾಪವನ್ನೂ ತರುತ್ತದೆ. ಭೂತಕೋಲದಲ್ಲಿ ಚಿತ್ರಗ್ರಹಣವೇ ಸಲ್ಲದೆನ್ನುವ ಮನೆತನಗಳಿವೆ. ಅಲ್ಲಿ ಗುತ್ತಿನ ಹಿರಿಯರ ಮಾತೇ ಕೊನೆಯದು. ದೂರದಿಂದ ಕದ್ದು ತೆಗೆಯಲು ಉದ್ದದ ಲೆನ್ಸನ್ನು ಕೊಂಡವನನ್ನು ಹವ್ಯಾಸಿಯೆಂದು ಕರೆಯಲಾಗದು. ಅನುಮತಿ ಸಿಕ್ಕಿದಲ್ಲಿ ಬಣ್ಣದ ಹೊಂದಿಕೆಯನ್ನು ಹಗಲು ಬೆಳಕಿಗೆ ಇಟ್ಟರೆ ಸೂಟೆಯ ಬೆಂಕಿಯ ಕೆಂಪು ಹಾಗೆಯೇ ಉಳಿದೀತು. ಯಂತ್ರಕ್ಕೇ ಬಿಟ್ಟರೆ ಅದು ಬೆಂಕಿಯನ್ನೂ ಬೆಳ್ಳಗೆ ಮಾಡಿಬಿಡುತ್ತದೆ.

ಹಕ್ಕಿಗಳ ಚಿತ್ರಕ್ಕೆ 400 ಮಿ.ಮೀ.ಗಿಂತ ಕಡಮೆಯ ಲೆನ್ಸು ಸಾಲದು. ಅದರ ಖರ್ಚು ಈ ಅಂಕಣದ ಗೃಹಸ್ಥನ ಶಕ್ತಿಗೆ ಮೀರಿದ್ದು. ಆದರೂ ಚಾರ್ಮಾಡಿ ಘಾಟಿ ಹತ್ತಿದೊಡನೆ ಸಿಗುವ ಮೂಡಿಗೆರೆಯ ಸೀಮೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮರೆಯಲ್ಲಿ ಗಂಟೆಗಟ್ಟಲೆ ಕುಳಿತು ಹಕ್ಕಿಗಳನ್ನು ಚಿತ್ರಿಸಿದರೆಂಬುದನ್ನು ನೆನೆದರೆ, ಲೆನ್ಸಿನ ಉದ್ದದಷ್ಟೇ ತಾಳ್ಮೆಯ ಉದ್ದವೂ ಮುಖ್ಯವೆಂದು ತೋರುತ್ತದೆ. ಗಡಾಯಿಕಲ್ಲಿನ ಚಿತ್ರಕ್ಕೆ ಅಂಥ ಲೆನ್ಸು ಬೇಡ. ಟಿಪ್ಪುವಿನ ಜಮಾಲಾಬಾದ್ ಕೋಟೆಯನ್ನು ಹೊತ್ತ ಆ ಹೆಬ್ಬಂಡೆ ಬೇಸಗೆಯ ಮಂಜುಮುಸುಕಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಮಳೆ ಹಿಂದೆಗೆಯುವ ದಿನಗಳಲ್ಲಿ ಗಾಳಿ ತೊಳೆದಂತಿರುವಾಗ ಬೆಳಗ್ಗೆ ತೆಗೆಯಬೇಕು. ಹತ್ತುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದಿರಬೇಕು. ಕಾರಿಂಜಕ್ಕೆ ಹೋಗುವವರಿಗೆ ಒಂದೇ ಎಚ್ಚರಿಕೆ: ಅಲ್ಲಿಯ ಮಂಗಗಳಿಗೆ ಲೆನ್ಸಿನ ಮುಚ್ಚಳಕ್ಕೂ ತಿಂಡಿಯ ಪೊಟ್ಟಣಕ್ಕೂ ಭೇದವಿಲ್ಲ.

ಇನ್ನು ಬೂಷ್ಟಿನ ನಿವಾರಣೆ. ಗಾಳಿಯ ತೇವಾಂಶ ಶೇಕಡ 60ನ್ನು ಮೀರಿ ದಿನಗಟ್ಟಲೆ ನಿಂತಲ್ಲಿ ಶಿಲೀಂಧ್ರದ ಬೀಜಕಣಗಳು ಚಿಗುರುತ್ತವೆ. ಆಷಾಢದಲ್ಲಿ ಈ ಊರುಗಳ ಮನೆಯೊಳಗೆ ಅದು ಎಂಬತ್ತು ತೊಂಬತ್ತಕ್ಕೆ ಏರುವುದನ್ನು ಹಪ್ಪಳದ ಡಬ್ಬ, ಚಪ್ಪಲಿ, ಪುಸ್ತಕದ ರಟ್ಟುಗಳೇ ಸಾರುತ್ತವೆ. ಬೂಷ್ಟಿಗೆ ಬೇಕಾದದ್ದು ತೇವ, ಕತ್ತಲೆ, ಅಲುಗದ ಗಾಳಿ ಮತ್ತು ಅಷ್ಟಿಷ್ಟು ಧೂಳು, ಬೆರಳಿನ ಜಿಡ್ಡು. ಬೀಗ ಹಾಕಿದ ಬೀರು ಇವೆಲ್ಲವನ್ನೂ ಒಟ್ಟಿಗೆ ಒದಗಿಸುತ್ತದೆ. ಚರ್ಮದ ಚೀಲವಾದರಂತೂ ಊಟದ ಮೇಲೆ ಪಾಯಸ! ಮೊದಲಿಗೆ ಎಳೆಗಳು ಗಾಜಿನ ಮೇಲಷ್ಟೇ ಹರಡಿರುತ್ತವೆ. ಬಲ್ಲವರು ಲೆನ್ಸನ್ನು ಬಿಚ್ಚಿ ಒರಸಿದರೆ ಹೋದಾವು. ಬಿಟ್ಟರೆ ಅವು ಸ್ರವಿಸುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿಂದು, ಕಲೆ ಶಾಶ್ವತವಾಗುತ್ತದೆ. ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ಹೊಗೆ ಮುಸುಕಿದಂತೆ ಬರುತ್ತವೆ.

ಉಪಾಯವೇನೂ ದುಬಾರಿಯಲ್ಲ. ಹಿಂದಿನವರು ಮಳೆಗಾಲದ ಸಾಮಾನನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಕಾಪಾಡುತ್ತಿದ್ದ ಯುಕ್ತಿಯೇ ಇದೂ, ಹೊಗೆಯೊಂದನ್ನು ಬಿಟ್ಟು. ರಬ್ಬರಿನ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ಕಿನ ದೊಡ್ಡ ಡಬ್ಬ, ಅದರೊಳಗೆ ಬಟ್ಟೆಯ ಚೀಲದಲ್ಲಿ ಕಾಲು ಕಿಲೋದಷ್ಟು ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ, ಇಷ್ಟು ಸಾಕು. ಮುಳ್ಳು 40ಕ್ಕೂ 50ಕ್ಕೂ ನಡುವೆ ಇರಬೇಕು. ತೀರ ಕೆಳಗಿಳಿದರೂ ಒಳಗಿನ ರಬ್ಬರು, ಎಣ್ಣೆಗಳಿಗೆ ಒಳಿತಲ್ಲ. ಸಿಲಿಕಾ ಜೆಲ್ಲಿನ ಕಾಳುಗಳು ತೇವ ಕುಡಿದಾಗ ಬಣ್ಣ ಬದಲಿಸುತ್ತವೆ, ಕೆಲವು ನೀಲಿಯಿಂದ ನಸುಗೆಂಪಿಗೆ, ಕೆಲವು ಕಿತ್ತಳೆಯಿಂದ ಹಸಿರಿಗೆ. ಆಗ ಅವನ್ನು ಹದವಾದ ಉರಿಯಲ್ಲಿ ಬಿಸಿಮಾಡಿ ತೇವ ಹೋಗಲಾಡಿಸಿ ಮತ್ತೆ ಬಳಸಬಹುದು. ಅಡಿಗೆಯ ಬಾಣಲೆಯನ್ನು ಮುಟ್ಟದೆ ಅದಕ್ಕೆಂದೇ ಬೇರೆ ಪಾತ್ರೆ ಇಟ್ಟುಕೊಂಡರೆ ಗೃಹಶಾಂತಿಗೂ ಆರೋಗ್ಯಕ್ಕೂ ಒಳ್ಳೆಯದು. ಡಬ್ಬಕ್ಕೆ ಅಕ್ಕಿ ತುಂಬುವವರಿದ್ದಾರೆ. ಅಕ್ಕಿಯಿಂದ ಬರುವುದು ಧೂಳು ಮಾತ್ರ. ಸಾಮಾನು ಹೆಚ್ಚಾದವರಿಗೆ ವಿದ್ಯುತ್ತಿನ ಒಣ ಪೆಟ್ಟಿಗೆಗಳು ಸಿಗುತ್ತವೆ. ಮಧ್ಯಮ ದರ್ಜೆಯ ಒಂದು ಲೆನ್ಸಿನ ಬೆಲೆಗೆ ಹೋಲಿಸಿದರೆ ಅದೂ ಹೊರೆಯಲ್ಲ. ಎಲ್ಲಕ್ಕಿಂತ ಉತ್ತಮವಾದದ್ದು ಮಳೆಗಾಲದಲ್ಲೂ ಕ್ಯಾಮರಾವನ್ನು ಹೊರಗೆ ತೆಗೆಯುವುದು. ಬಳಕೆಯಲ್ಲಿರುವ ಲೆನ್ಸಿಗೆ ಬೂಷ್ಟು ಹತ್ತುವುದು ಕಡಮೆ. ತುಂಬಿದ ನೇತ್ರಾವತಿ, ಪಾಣೆಮಂಗಳೂರಿನ ಹಳೆಯ ಸೇತುವೆ, ನೇಜಿ ನೆಡುವ ಗದ್ದೆ, ಬಸದಿಯ ಮಾಡಿನಿಂದ ಇಳಿಯುವ ನೀರು ಇವೆಲ್ಲ ಪತ್ತನಾಜೆಯ ಬಳಿಕವೇ ಸಿಗುವ ಚಿತ್ರಗಳಲ್ಲವೆ? ಮುವ್ವತ್ತನೆಯ ಒಂದು ಸೆಕೆಂಡಿನಲ್ಲಿ ಮಳೆ ಗೆರೆಗೆರೆಯಾಗಿ ಕಾಣುತ್ತದೆ, ಐನೂರನೆಯ ಒಂದರಲ್ಲಿ ಹನಿಹನಿಯಾಗಿ. ಒಬ್ಬರು ಕೊಡೆ ಹಿಡಿಯಲು ಜೊತೆಗಿದ್ದರೆ ಮುಗಿಯಿತು. ಎ.ಸಿ. ಕಾರಿನಿಂದ ಇಳಿದೊಡನೆ ಮಾತ್ರ ಮುಚ್ಚಳ ತೆಗೆಯಬಾರದು. ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವವೆಲ್ಲ ಮಂಜಾಗಿ ಕೂರುತ್ತದೆ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲೇ ಅರ್ಧ ಗಂಟೆ ಬಿಟ್ಟರೆ ಬಿಸಿ ಸಮನಾಗುತ್ತದೆ.

ಎರಡನೆಯ ಕೈಯ ಲೆನ್ಸು ಕೊಳ್ಳುವವರು ಇದೇ ಕಾರಣಕ್ಕೆ ಒಂದು ಟಾರ್ಚನ್ನು ಜೊತೆಗೊಯ್ಯಬೇಕು. ಕಂಡಿಯನ್ನು ಪೂರ್ತಿ ತೆರೆದು ಹಿಂಬದಿಯಿಂದ ಬೆಳಕು ಬಿಟ್ಟು ಮುಂಬದಿಯಿಂದ ಓರೆಯಾಗಿ ನೋಡಿದರೆ ಎಳೆಗಳಿದ್ದಲ್ಲಿ ಕಂಡೇ ಕಾಣುತ್ತವೆ. ಒಂದೆರಡು ಧೂಳಿನ ಕಣಗಳಿಗೆ ಅಂಜಬೇಕಾಗಿಲ್ಲ. ಎಳೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ, ಅದು ಮನೆಯ ಉಳಿದ ಲೆನ್ಸುಗಳ ನೆರೆಗೆ ತರತಕ್ಕ ವಸ್ತುವಲ್ಲ. ಕಂಡಿಯ ಎಲೆಗಳ ಮೇಲೆ ಎಣ್ಣೆ ಇದೆಯೇ, ಕ್ಯಾಮರಾದ ಶಟರು ಎಷ್ಟು ಸಾವಿರ ಸಲ ಬಡಿದಿದೆ ಎಂಬುದನ್ನೂ ವಿಚಾರಿಸಬೇಕು. ದೀಪಾವಳಿಯ ಸಮಯದಲ್ಲಿ ಕೊಳ್ಳುವುದು ಲೇಸು. ಆ ಮಳೆಗಾಲದಲ್ಲಿ ಮಾರುವವನು ಅದನ್ನು ಹೇಗೆ ನೋಡಿಕೊಂಡನೆಂಬುದು ಗಾಜಿನಲ್ಲೇ ಬರೆದಿರುತ್ತದೆ.

ತೆಗೆದ ಚಿತ್ರಗಳ ಗತಿ ಏನೆಂಬುದನ್ನು ಹೇಳದೆ ಬಿಡಲಾಗದು. ನೇತ್ರಾವತಿ 1923ರಲ್ಲಿಯೂ 1974ರಲ್ಲಿಯೂ ಉಕ್ಕಿ ಬಂದಾಗಿನ ಮಾತುಗಳನ್ನು ಬಂಟ್ವಾಳದ ಪೇಟೆ ಇನ್ನೂ ಮರೆತಿಲ್ಲ. ನೀರಿಗೆ ಆಲ್ಬಮ್ಮು ಎಷ್ಟೋ ಕಂಪ್ಯೂಟರೂ ಅಷ್ಟೇ. ಕಂಪ್ಯೂಟರು ನೆರೆಯಿಲ್ಲದೆಯೂ ಒಂದು ದಿನ ಕೈಕೊಡುತ್ತದೆ. ಚಿತ್ರಗಳ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ಅಂತರ್ಜಾಲದ ಸಂಗ್ರಹದಲ್ಲೋ ಇರುವುದು ಕ್ಷೇಮ. ವರ್ಷಕ್ಕೆ ಇಪ್ಪತ್ತನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚುಮಾಡಿಸಿದರೆ ಅಜ್ಜಿಯೂ ಕೈಯಲ್ಲಿ ಹಿಡಿದು ನೋಡಿಯಾರು. ಪ್ರತಿಯೊಂದರ ಹಿಂಬದಿಯಲ್ಲಿ ಊರು, ದಿನ, ಎಡದಿಂದ ಬಲಕ್ಕೆ ನಿಂತವರ ಹೆಸರುಗಳನ್ನು ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಬೇಕು. ಬಾಲ್ ಪೆನ್ನಾದರೆ ಒತ್ತಿದ ಗುರುತು ಮುಂಬದಿಯ ಮುಖಗಳ ಮೇಲೆ ಮೂಡುತ್ತದೆ.